ಎಡಗಾಲು ಊರುವ ಕಾಯಿದೆ

"ಅರವತ್ತಮೂರು ವರ್ಷ ಗಾಡಿ ಓಡಿಸಿದೀನಿ. ರಸ್ತೆ ಮೇಲೆ ನನ್ನದೊಂದು ತಪ್ಪು ತೋರಿಸೋ ಗಂಡಸು ಇನ್ನೂ ಹುಟ್ಟಿಲ್ಲ!"

ಈ ಮಾತನ್ನು ವೆಂಡೆಲ್ ಓಸ್ಟ್‌ಬರ್ಗ್ ವಾರಕ್ಕೆ ಕನಿಷ್ಠ ಮೂರು ಸಲ ಹೇಳುತ್ತಿದ್ದ. (ಗಂಡಸು ಎಂದು ಎಚ್ಚರಿಕೆಯಿಂದ ಹೇಳುವುದಕ್ಕೆ ಕಾರಣವಿತ್ತು. ತಪ್ಪು ತೋರಿಸುವ ಹೆಂಗಸು ಎಂದೋ ಹುಟ್ಟಿದ್ದಳು. ಅವಳಿಗೆ ಮದುವೆಯೂ ಆಗಿತ್ತು, ಅವನ ಜೊತೆಗೇ.) ಇಲಿನಾಯ್ ರಾಜ್ಯದ ಮೆಕ್ಕೆಜೋಳದ ಹೊಲಗಳ ನಡುವೆ ಯಾರೋ ಜೇಬಿನಿಂದ ಬೀಳಿಸಿಕೊಂಡು ಹೋದಂತಿರುವ ನಾರ್ಡಾಲ್ ಎಂಬ ಊರಿನ ಕಾಫಿ ಅಂಗಡಿಯಲ್ಲಿ ಈ ಮಾತು ಕೇಳಿ ಕೇಳಿ ಗೋಡೆಯ ಗಡಿಯಾರಕ್ಕೂ ಬಾಯಿಪಾಠವಾಗಿತ್ತು.

ಆದರೆ ಮಾತಿನಲ್ಲಿ ಸುಳ್ಳಿರಲಿಲ್ಲ. ವೆಂಡೆಲ್ ಮೂವತ್ತನಾಲ್ಕು ವರ್ಷ ಊರಿನ ಶಾಲಾ ಬಸ್ಸಿನ ಸಾರಥಿಯಾಗಿದ್ದವನು. ಅವನ ಬಸ್ಸು ಎಷ್ಟು ನಿಧಾನವೆಂದರೆ ಒಂದನೇ ತರಗತಿಗೆಂದು ಹತ್ತಿದ ಹುಡುಗನಿಗೆ ಇಳಿಯುವ ಹೊತ್ತಿಗೆ ಮೀಸೆ ಚಿಗುರುತ್ತಿತ್ತು. ಅಲ್ಲಿಯ ಶಾಲಾ ಬಸ್ಸಿನವರು ರೈಲು ಹಳಿ ದಾಟುವ ಮುನ್ನ ನಿಂತು, ಬಾಗಿಲು ತೆರೆದು, ಸದ್ದು ಆಲಿಸಿ ಮುಂದೆ ಹೋಗಬೇಕು. ವೆಂಡೆಲ್ ನಿವೃತ್ತನಾಗಿ ಹದಿನಾರು ವರ್ಷವಾಗಿತ್ತು. ನಾರ್ಡಾಲ್‌ಗೆ ರೈಲು ಬರುವುದು ನಿಂತು ನಲವತ್ತು ವರ್ಷ, ಹಳಿಯನ್ನು ಕಿತ್ತು ಗುಜರಿಗೆ ಹಾಕಿ ಇಪ್ಪತ್ತು ವರ್ಷ. ಆದರೂ ಆ ಜಾಗ ಬಂದರೆ ಅವನು ತನ್ನ ಪಿಕಪ್ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೆ ಅಂಗೈ ಆನಿಸುತ್ತಿದ್ದ.

"ಅಲ್ಲಿ ಹಳಿಯೇ ಇಲ್ವಲ್ಲೋ!" ಎಂದು ಹೆಂಡತಿ ಆರ್ಡಿಸ್ ಹೇಳಿದರೆ, "ಬರೋ ರೈಲು ಕಣ್ಣಿಗೆ ಕಾಣುತ್ತೆ ಕಣೇ. ಬರದೇ ಇರೋ ರೈಲಿಗೇ ಹುಷಾರಾಗಿರಬೇಕು" ಎನ್ನುತ್ತಿದ್ದ. ಇದಕ್ಕೆ ಏನು ಉತ್ತರ ಕೊಡುವುದೆಂದು, ಮದುವೆಯಾಗಿ ಐವತ್ತೊಂದು ವರ್ಷವಾದ ಆರ್ಡಿಸ್ ಇಪ್ಪತ್ತು ವರ್ಷದಿಂದ ಯೋಚಿಸುತ್ತಿದ್ದಳು.

ಇಂಥ ಧರ್ಮಾತ್ಮನ ಮನೆಯಲ್ಲಿ ಸೈಕಲ್ ಎಂಬ ಅಧರ್ಮ ಕಾಲಿಟ್ಟದ್ದು ಏಪ್ರಿಲ್ ತಿಂಗಳಲ್ಲಿ. ಎಪ್ಪತ್ತನಾಲ್ಕರ ಆರ್ಡಿಸ್‌ಗೆ ಮಂಡಿ ನೋವು. ಡಾಕ್ಟರು, "ನಡೀರಿ, ಇಲ್ಲಾ ಸೈಕಲ್ ತುಳೀರಿ" ಎಂದರು. ಆರ್ಡಿಸ್ ನಡೆದುಕೊಂಡೇ ಹೋಗಿ, ಯಾರದೋ ಮನೆಯಂಗಳದಲ್ಲಿ ಹಳೇ ಸಾಮಾನು ಮಾರುತ್ತಿದ್ದ ಕಡೆ ಒಂದು ಸೈಕಲ್ ಕೊಂಡಳು. ಆಕಾಶದ ಬಣ್ಣ, ಮುಂದೆ ಬೆತ್ತದ ಬುಟ್ಟಿ, ಸತ್ತವರನ್ನೂ ಎಬ್ಬಿಸುವಂಥ ಗಂಟೆ.

"ಎಲ್ಲಿ ಓಡಿಸ್ತೀಯ?" ಎಂದ ವೆಂಡೆಲ್.

"ಆಕಾಶದಲ್ಲಿ! ಎಲ್ಲಿ ಓಡಿಸ್ತೀಯ ಅಂದ್ರೆ? ರಸ್ತೇಲಿ ಕಣೋ."

"ರಸ್ತೇಲಿ ಜೋಳದ ಲಾರಿ ಓಡಾಡ್ತವೆ."

"ಓಡಾಡ್ಲಿ. ನಾನೇನು ಅವಕ್ಕೆ ಅಡ್ಡ ಮಲಗ್ತೀನಾ?"

ಮೊದಲ ದಿನ ಅವಳು ಗ್ರಂಥಾಲಯಕ್ಕೆಂದು ಹೊರಟಾಗ ವೆಂಡೆಲ್ ಪಿಕಪ್ ಹತ್ತಿ, ನಾಲ್ಕೂ ದೀಪ ಮಿನುಗಿಸುತ್ತಾ, ಗಂಟೆಗೆ ಆರು ಮೈಲಿ ವೇಗದಲ್ಲಿ ಅವಳ ಹಿಂದೆಯೇ ಹೋದ. ಉದ್ದೇಶ ಅಂಗರಕ್ಷಣೆ. ಆದರೆ ಆ ಸೀಮೆಯಲ್ಲಿ ದೀಪ ಹೊತ್ತಿಸಿಕೊಂಡು ಸಾಲಾಗಿ, ನಿಧಾನವಾಗಿ ಹೋಗುವ ಗಾಡಿಗಳಿಗೆ ಒಂದೇ ಅರ್ಥ. ಹಿಂದಿನಿಂದ ಬಂದ ಕಾರಿನವನು ತಾನೂ ದೀಪ ಹಾಕಿ ಸಾಲು ಸೇರಿದ. ಅವನ ಹಿಂದೆ ಇನ್ನೊಬ್ಬ. ಎದುರಿನಿಂದ ಬರುತ್ತಿದ್ದವರು ಪಕ್ಕಕ್ಕೆ ನಿಲ್ಲಿಸಿ, ಟೋಪಿ ತೆಗೆದು, ತಲೆ ತಗ್ಗಿಸಿದರು. ಗ್ರಂಥಾಲಯ ಮುಟ್ಟುವಾಗ ಹನ್ನೊಂದು ಗಾಡಿಗಳ ಶವಯಾತ್ರೆ ನೆರೆದಿತ್ತು. ಎಲ್ಲಕ್ಕೂ ಮುಂದೆ, ಗಂಟೆ ಬಾರಿಸುತ್ತಾ, ಆರ್ಡಿಸ್.

ಅಂಚೆ ಕಚೇರಿಯ ಡೆಲೋರಿಸ್ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದಳು. "ಅಯ್ಯೋ, ಯಾರು ಹೋದ್ರು ಆರ್ಡಿಸ್?"

"ನನ್ನ ಮಾನ!" ಎಂದಳು ಆರ್ಡಿಸ್. "ಮಣ್ಣು ಮಾಡೋಕೆ ಈ ಮಹಾನುಭಾವ ಹಿಂದೆಯೇ ಬಂದಿದಾನೆ ನೋಡು."

ಅಂದಿನಿಂದ ಹಿಂಬಾಲಿಸುವುದು ನಿಂತಿತು. ಆದರೆ ಅಷ್ಟರಲ್ಲಿ ವೆಂಡೆಲ್ ಕಣ್ಣಾರೆ ಕಾಣಬಾರದ್ದನ್ನು ಕಂಡುಬಿಟ್ಟಿದ್ದ. ಊರ ನಡುವಿನ ಚೌಕದಲ್ಲಿ, ನಾಲ್ಕೂ ದಿಕ್ಕಿಗೆ 'ನಿಲ್ಲಿ' ಎಂದು ಕೆಂಪು ಫಲಕ ನೆಟ್ಟಿರುವ ಜಾಗದಲ್ಲಿ, ಅವನ ಧರ್ಮಪತ್ನಿ ನಿಂತಿರಲಿಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕಿಣಿಕಿಣಿ ಎಂದಳು, ಹೋಗಿಯೇಬಿಟ್ಟಳು.

ಅಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕುರುಕ್ಷೇತ್ರ.

"ನಿಲ್ಲಿ ಅಂತ ಬರೆದಿದೆ. ನಿನಗೆ ಓದೋಕೆ ಬರುತ್ತೆ ತಾನೆ?"

"ನಿಂತ್ರೆ ಬೀಳ್ತೀನಿ ಕಣೋ. ಸೈಕಲ್ ನಿಲ್ಲೋದು ಗೋಡೆಗೆ ಒರಗಿದಾಗ ಮಾತ್ರ. ಮತ್ತೆ ಹತ್ತೋಕೆ ನನ್ನ ಮಂಡಿ ಒಪ್ಪಬೇಡ್ವಾ?"

"ಕಾರಿಗೆ ಒಂದು ನ್ಯಾಯ, ಸೈಕಲ್‌ಗೆ ಒಂದು ನ್ಯಾಯವಾ? ರಸ್ತೆ ಹಂಚ್ಕೋಬೇಕು ಅನ್ನೋರು ನಿಯಮಾನೂ ಹಂಚ್ಕೋಬೇಕು. ಊಟಕ್ಕೆ ಬರೋವಾಗ ಮನೆಯವಳು, ತಟ್ಟೆ ತೊಳೆಯೋವಾಗ ನೆಂಟರವಳು ಅಂದ್ರೆ ಆಗುತ್ತಾ?"

ಆರ್ಡಿಸ್ ಒರೆಸುತ್ತಿದ್ದ ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟಳು. "ವೆಂಡೆಲ್. ತಟ್ಟೆ ತೊಳೆಯೋ ಮಾತು ನಿನ್ನ ಬಾಯಲ್ಲಿ ಬರಬಾರದಿತ್ತು."

ವಾದ ಅಲ್ಲಿಗೆ ಮುಗಿಯಿತು. ಅವತ್ತಿನ ತಟ್ಟೆಗಳನ್ನು ಯಾರು ತೊಳೆದರೆಂದು ಬೇರೆ ಹೇಳಬೇಕಾಗಿಲ್ಲ. ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ್ದಾಗಲೇ ವೆಂಡೆಲ್‌ಗೆ ಜ್ಞಾನೋದಯವಾಯಿತು: ಹೆಂಡತಿಯನ್ನು ತಿದ್ದುವುದು ಗಂಡನ ಕೈಯಲ್ಲಿ ಆಗದ ಕೆಲಸ, ಅದಕ್ಕೆ ಸರ್ಕಾರವೇ ಬೇಕು.

ಸೈಕಲ್ಲೂ ನಿಲ್ಲಬೇಕು ಎಂದು ರಾಜ್ಯದ ಕಾನೂನಿನಲ್ಲಿ ಮೊದಲೇ ಇತ್ತು. ಆದರೆ ನಿಂತ ಸೈಕಲನ್ನು ನಾರ್ಡಾಲ್‌ನಲ್ಲಿ ಯಾರೂ ಕಂಡಿರಲಿಲ್ಲ. ಆದ್ದರಿಂದ ವೆಂಡೆಲ್ ಊರ ಮಂಡಳಿಗೆ ಸ್ವಂತ ಕೈಬರಹದಲ್ಲಿ ಒಂದು ಕರಡು ಕಾಯಿದೆ ಬರೆದುಕೊಟ್ಟ. ಚೌಕಕ್ಕೆ ಬಂದ ಪ್ರತಿಯೊಬ್ಬ ಸೈಕಲ್ ಸವಾರನೂ ಪೂರ್ತಿ ನಿಲ್ಲತಕ್ಕದ್ದು. ನಿಂತದ್ದಕ್ಕೆ ಸಾಕ್ಷಿಯಾಗಿ ಎಡಗಾಲನ್ನು ನೆಲಕ್ಕೆ ಊರತಕ್ಕದ್ದು. ಊರಿದ ಮೇಲೆ ಒಂದು ಎರಡು ಮೂರು ಎಂದು ಗಟ್ಟಿಯಾಗಿ ಎಣಿಸತಕ್ಕದ್ದು. ಹದಿನೆಂಟು ದಾಟಿದ ಸವಾರರು ಮಂಡಳಿ ನೇಮಿಸಿದ ಪರೀಕ್ಷಕರ ಮುಂದೆ ಪರೀಕ್ಷೆ ಕೊಟ್ಟು ಪಾಸಾಗತಕ್ಕದ್ದು. (ಊರಲ್ಲಿ ಹದಿನೆಂಟು ದಾಟಿದ ಸೈಕಲ್ ಸವಾರರ ಒಟ್ಟು ಸಂಖ್ಯೆ ಒಂದು. ಅವಳು ಅವನಿಗೆ ಅನ್ನ ಹಾಕುತ್ತಿದ್ದಳು.)

ಮೇ ತಿಂಗಳ ಸಭೆಗೆ ಎಂದೂ ಇಲ್ಲದ ಜನ. ಗಂಡ ಹೆಂಡಿರ ಜಗಳವನ್ನು ಬಿಟ್ಟಿಯಾಗಿ ನೋಡಲು ಸಿಗುವಾಗ ಮನೆಯಲ್ಲಿ ಯಾರು ಕೂರುತ್ತಾರೆ? ಅಧ್ಯಕ್ಷ ಲೋವೆಲ್ ನೈಗಾರ್ಡ್, ನಿರ್ಧಾರ ಎಂಬ ಪದಾರ್ಥವನ್ನು ದೂರದಿಂದ ಕಂಡರೂ ರಸ್ತೆ ದಾಟಿ ಆಚೆ ಹೋಗುವ ಮನುಷ್ಯ. ಅವನೂ, ಅವನ ಆರು ಜನ ಸದಸ್ಯರೂ ವೆಂಡೆಲ್‌ನ ಬಸ್ಸಿನಲ್ಲಿ ಬೆಳೆದವರು. ಅಷ್ಟೇ ವರ್ಷದಿಂದ ಆರ್ಡಿಸ್‌ಳ ಕೈಯ, ರೂಬಾರ್ಬ್ ಎಂಬ ಹುಳಿದಂಟು ತುಂಬಿ ಬೇಯಿಸಿದ ಸಿಹಿ ಪೈ ತಿಂದವರು. ಅತ್ತ ಗುರು, ಇತ್ತ ಅನ್ನಪೂರ್ಣೆ.

"ಲೋವೆಲ್," ಎಂದು ಎದ್ದಳು ಆರ್ಡಿಸ್. "ಇವನ ಪಿಕಪ್ಪು ಎರಡು ಟನ್ ಕಬ್ಬಿಣ. ನಾನು, ಸೈಕಲ್ಲು, ಬುಟ್ಟಿ, ಬುಟ್ಟೀಲಿರೋ ಪುಸ್ತಕ ಎಲ್ಲಾ ಸೇರಿದ್ರೂ ಒಂದು ಒಳ್ಳೇ ಕರು ತೂಗಲ್ಲ. ಆನೆಗೂ ಇರುವೆಗೂ ಒಂದೇ ಅಳತೆ ಚಪ್ಪಲಿ ಹೊಲೀತೀಯ?"

"ಇಲ್ಲ ಆರ್ಡಿಸಮ್ಮ," ಎಂದ ಲೋವೆಲ್.

"ಲೋವೆಲ್," ಎಂದ ವೆಂಡೆಲ್. "ಲಾರಿ ಡ್ರೈವರ್ ಅಷ್ಟೆತ್ತರದಲ್ಲಿ ಕೂತಿರ್ತಾನೆ. ಯಾವುದು ನಿಲ್ಲುತ್ತೆ, ಯಾವುದು ನಿಲ್ಲಲ್ಲ ಅಂತ ಅವನಿಗೆ ಗೊತ್ತಾಗೋದು ಹೇಗೆ? ಎಲ್ಲರೂ ಒಂದೇ ಥರ ನಿಂತ್ರೆ ತಾನೆ..." ಇಲ್ಲಿ ಅವನು ಒಮ್ಮೆ ಹೆಂಡತಿಯ ಕಡೆ ನೋಡಿದ. ಕೆಮ್ಮಿ, "ನಿಯಮ ಅಂದ್ರೆ ನಿಯಮ" ಎಂದು ಕೂತುಬಿಟ್ಟ.

"ಹೌದು ಸಾರ್," ಎಂದ ಲೋವೆಲ್. ಇಬ್ಬರ ಮಾತನ್ನೂ ಒಪ್ಪಿದ ಮೇಲೆ ಉಳಿದದ್ದು ಒಂದೇ ದಾರಿ. ವಿಷಯವನ್ನು ಜೂನ್ ತಿಂಗಳಿಗೆ ಮುಂದೂಡಿ ಎಲ್ಲರೂ ಪೈ ತಿನ್ನಲು ಎದ್ದರು.

ಆದರೆ ಜೂನ್‌ಗೆ ಮುಂಚೆ ಇನ್ನೊಂದು ಗಂಡಾಂತರವಿತ್ತು. ವೆಂಡೆಲ್‌ಗೆ ಎಪ್ಪತ್ತೊಂಬತ್ತು ತುಂಬುತ್ತಿತ್ತು. ಆ ವಯಸ್ಸಿಗೆ ಲೈಸೆನ್ಸ್ ನವೀಕರಿಸಬೇಕಾದರೆ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿ ತೋರಿಸಬೇಕು. ತಿಂಗಳಿಗೊಮ್ಮೆ ಸರ್ಕಾರದವರು ನಾರ್ಡಾಲ್‌ಗೇ ಬಂದು ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು.

"ಒಂದು ಪಂದ್ಯ ಕಟ್ಟೋಣ ಬಾ," ಎಂದಳು ಆರ್ಡಿಸ್. "ನೀನು ಪಾಸಾದ್ರೆ ನಾನು ಬದುಕಿರೋವರೆಗೂ ಚೌಕದಲ್ಲಿ ಕಾಲು ಊರ್ತೀನಿ. ಫೇಲಾದ್ರೆ?"

"ಫೇಲಾ? ನಾನಾ?"

"ಆದ್ರೆ?"

"ಆದ್ರೆ ಅರ್ಜಿ ವಾಪಸ್ ತಗೋತೀನಿ. ಬೇಕಾದ್ರೆ ಆ ನಿನ್ನ ಸೈಕಲ್‌ಗೆ ಎಣ್ಣೆ ಹಾಕ್ಕೊಡ್ತೀನಿ."

ಬಾಯಿ ಹಾಗೆಂದಿತು. ಆದರೆ ಪರೀಕ್ಷೆಯ ಬೆಳಗ್ಗೆ, ಭಾನುವಾರದ ಕೋಟು ಹಾಕಿಕೊಂಡು ನಿಂತವನಿಗೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ಆರ್ಡಿಸ್ ಬಂದು ಗುಂಡಿ ಹಾಕಿದಳು.

"ಡೆಲೋರಿಸ್ ತಾಯಿನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗೋದು ನಾನು," ಎಂದ ವೆಂಡೆಲ್, ಗೋಡೆಯ ಕಡೆ ನೋಡುತ್ತಾ. "ಚರ್ಚಿನ ಕುರ್ಚಿ ಸಾಗಿಸೋದು ನಾನು. ಸ್ಟೀರಿಂಗ್ ಹಿಡಿದು ಹಿಡಿದು ಈ ಕೈ ಅದೇ ಆಕಾರಕ್ಕೆ ಬಂದ್ಬಿಟ್ಟಿದೆ ಕಣೇ. ಅದನ್ನ ಕಿತ್ಕೊಂಡ್ರೆ ಈ ಕೈಯಲ್ಲಿ ಏನು ಹಿಡ್ಕೋಬೇಕು ಅಂತಲೇ ನನಗೆ ಗೊತ್ತಿಲ್ಲ."

"ಪಾತ್ರೆ ತೊಳೆಯೋ ಬ್ರಷ್ ಇದೆ," ಎಂದಳು ಆರ್ಡಿಸ್. ಆದರೆ ಅವನ ಕೋಟಿನ ಮೇಲೆ ಇರದ ಧೂಳನ್ನು ಎರಡು ಸಲ ಕೊಡವಿದಳು. ಇವತ್ತೊಂದು ದಿನ, ಈ ಮುದುಕನಿಗೋಸ್ಕರ, ತಾನು ಯಾವ ನಿಯಮವನ್ನೂ ಮುರಿಯಬಾರದು ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಳು.

ಸರ್ವನಾಶವಾದದ್ದು ಆ ಆಣೆಯಿಂದಲೇ.

ನಾರ್ಡಾಲ್‌ನ ಚೌಕದ ವಿಷಯ ಸ್ವಲ್ಪ ಹೇಳಬೇಕು. ನಾಲ್ಕೂ ಕಡೆ 'ನಿಲ್ಲಿ' ಫಲಕವಿದ್ದರೆ, ಮೊದಲು ಬಂದವನು ಮೊದಲು ಹೋಗಬೇಕು. ಇದು ಲೋಕದ ನಿಯಮ. ಆದರೆ ನಾರ್ಡಾಲ್‌ನವರು ಸೌಜನ್ಯದಲ್ಲಿ ಲೋಕವನ್ನು ಮೀರಿದವರು. ಮೊದಲು ಬಂದವನು, 'ಛೆ, ನಾನು ಮೊದಲು ಹೋಗೋದಾ!' ಎಂದು ನಾಚಿ ಎದುರಿನವನಿಗೆ ಕೈ ಬೀಸುತ್ತಾನೆ. ಎದುರಿನವನು, 'ಎಲ್ಲಾದರೂ ಉಂಟೆ!' ಎಂದು ಇವನಿಗೆ ಬೀಸುತ್ತಾನೆ. ಪಕ್ಕದವರು ಇಬ್ಬರಿಗೂ ಬೀಸುತ್ತಾರೆ. ಒಮ್ಮೆ ಈ ಮರ್ಯಾದೆಯಲ್ಲಿ ಸಿಕ್ಕಿಕೊಂಡ ಮದುಮಗನೊಬ್ಬ ಚರ್ಚು ತಲುಪುವಷ್ಟರಲ್ಲಿ ಮದುಮಗಳಿಗೆ ಮನಸ್ಸು ಬದಲಾಗಿತ್ತಂತೆ. (ಆಮೇಲೆ ಅವನು ಸುಖವಾಗಿದ್ದಾನೆ.) ಹಾರ್ನ್ ಒತ್ತುವ ಪ್ರಶ್ನೆಯೇ ಇಲ್ಲ. ಆ ಊರಿನಲ್ಲಿ ಹಾರ್ನ್ ಒತ್ತುವುದೂ ಒಂದೇ, ಎದುರಿನವನ ತಾಯಿಯನ್ನು ಬೈಯುವುದೂ ಒಂದೇ.

ಪರೀಕ್ಷಕಿ ಮಿಸ್ ಪ್ರೂಯಿಟ್ ಶಿಕಾಗೋ ಕಡೆಯವಳು. ಪಕ್ಕದಲ್ಲಿ ಹಲಗೆ, ಕಾಗದ, ಪೆನ್ನು ಹಿಡಿದು ಕೂತಳು. ವೆಂಡೆಲ್ ಹೊರಟ. ಆಹಾ, ಅದೇನು ಚಾಲನೆ! ಬಾನೆಟ್ಟಿನ ಮೇಲೆ ಮೊಟ್ಟೆ ಇಟ್ಟಿದ್ದರೆ ಮರಿಯಾಗುವವರೆಗೂ ಬೀಳುತ್ತಿರಲಿಲ್ಲ. ತಿರುವಿನಲ್ಲಿ ತಿರುವು, ಕನ್ನಡಿಯಲ್ಲಿ ಕಣ್ಣು. ಇಲ್ಲದ ಹಳಿಯ ಮುಂದೆ ನಿಂತು ಬಾಗಿಲು ತೆರೆದಾಗ ಮಾತ್ರ ಮಿಸ್ ಪ್ರೂಯಿಟ್ ಹುಬ್ಬೇರಿಸಿದಳು; ಆದರೂ ಅಂಕ ಕಳೆಯಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಪಿಕಪ್ ಚೌಕಕ್ಕೆ ಬಂತು.

ಪೂರ್ವದಿಂದ ಪಾದ್ರಿಗಳ ಕಾರು. ಪಶ್ಚಿಮದಿಂದ ಡೆಲೋರಿಸ್‌ಳ ಅಂಚೆ ಗಾಡಿ. ಉತ್ತರದಿಂದ ಇವರಿಬ್ಬರಿಗಿಂತಲೂ ಮೊದಲೇ ಬಂದು, ಪೂರ್ತಿ ನಿಂತು, ಎಡಗಾಲನ್ನು ಟಾರಿಗೆ ಬಲವಾಗಿ ಊರಿ, "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದ ಆರ್ಡಿಸ್.

ವೆಂಡೆಲ್‌ನ ಪರೀಕ್ಷೆ ಇವತ್ತು ಎಂಬುದು ಊರಿಗೆಲ್ಲಾ ಗೊತ್ತಿತ್ತು. (ಚರ್ಚಿನ ಪ್ರಾರ್ಥನೆಯ ಪಟ್ಟಿಯಲ್ಲಿ ಕಾಯಿಲೆಯವರ ಹೆಸರುಗಳ ಕೆಳಗೆ ಅವನ ಪಿಕಪ್ಪಿನ ಹೆಸರೂ ಇತ್ತು.) ಪಾದ್ರಿಗಳು ನಕ್ಕು ವೆಂಡೆಲ್‌ಗೆ ಕೈ ಬೀಸಿದರು: ನೀವು ಹೋಗಿ. ಡೆಲೋರಿಸ್ ಬೀಸಿದಳು. ಆರ್ಡಿಸ್, ಗಂಡನ ಕೆಲಸ ಸುಸೂತ್ರವಾಗಲೆಂದು ಎರಡೂ ಕೈ ಬೀಸಿದಳು.

ಪರೀಕ್ಷಕಿಯ ಮುಂದೆ ಸೌಜನ್ಯದಲ್ಲಿ ಕಡಿಮೆ ಬೀಳಬಾರದೆಂದು ವೆಂಡೆಲ್ ಪಾದ್ರಿಗಳಿಗೆ ಬೀಸಿದ. ಡೆಲೋರಿಸ್‌ಗೆ ಬೀಸಿದ. ಹೆಂಡತಿಗೆ ಟೋಪಿ ಎತ್ತಿ ಬೀಸಿದ.

ಒಂದು ನಿಮಿಷವಾಯಿತು. ಮೂರಾಯಿತು. ಹಿಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಹಿಂದೆ ಹಾಲಿನ ಲಾರಿ. ಎಲ್ಲರೂ ಎಲ್ಲರಿಗೂ ಕೈ ಬೀಸುತ್ತಿದ್ದರು. ಮೇಲಿನಿಂದ ನೋಡಿದ ದೇವರು, ನಾರ್ಡಾಲ್‌ನವರು ಊರು ಬಿಟ್ಟು ಹೊರಟಿದ್ದಾರೆ ಎಂದುಕೊಂಡಿರಬೇಕು.

"ಮಿಸ್ಟರ್ ಓಸ್ಟ್‌ಬರ್ಗ್, ಇದು ಯಾರ ಸರದಿ?" ಎಂದಳು ಮಿಸ್ ಪ್ರೂಯಿಟ್.

"ಆ ಸೈಕಲ್ಲಿನವಳದ್ದು ಮೇಡಂ. ಮೊದಲು ಬಂದದ್ದು ಅವಳು."

"ಮತ್ತೆ ಆಕೆ ಯಾಕೆ ಹೋಗ್ತಿಲ್ಲ?"

"ಅದೇ ನನಗೂ ಆಶ್ಚರ್ಯ. ಐವತ್ತೊಂದು ವರ್ಷದಲ್ಲಿ ಇವತ್ತೇ ಮೊದಲ ಸಲ ನನ್ನ ಮಾತು ಕೇಳಿದಾಳೆ!" ಎಂದ ವೆಂಡೆಲ್, ಕಣ್ಣಲ್ಲಿ ನೀರು ತುಂಬಿಕೊಂಡು.

ಮಿಸ್ ಪ್ರೂಯಿಟ್ ಇನ್ನೂ ನಾಲ್ಕು ನಿಮಿಷ ಕಾದಳು. ಆಮೇಲೆ ಪಕ್ಕದಿಂದ ಬಾಗಿ ಹಾರ್ನ್ ಒತ್ತಿದಳು. ಹದಿನಾರು ವರ್ಷ ಯಾರೂ ಒತ್ತದ ಹಾರ್ನು, ಸಗಣಿ ಗುಂಡಿಗೆ ಬಿದ್ದ ಕರುವಿನಂತೆ ಕೂಗಿತು. ಊರು ಬೆಚ್ಚಿಬಿತ್ತು. ಗಾಬರಿಯಲ್ಲಿ ನಾಲ್ಕೂ ಕಡೆಯವರು ಒಟ್ಟಿಗೇ ಮುಂದೆ ಬಂದರು, ಒಟ್ಟಿಗೇ ನಿಂತರು, ಕಿಟಕಿ ಇಳಿಸಿ ಒಟ್ಟಿಗೇ "ಕ್ಷಮಿಸಿ" ಎಂದರು, ಒಟ್ಟಿಗೇ ಹಿಂದೆ ಸರಿದು, ಮತ್ತೆ ಕೈ ಬೀಸತೊಡಗಿದರು.

ಮಿಸ್ ಪ್ರೂಯಿಟ್ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದಳು. "ಅಮ್ಮಾ! ಸೈಕಲ್ಲಿನವರೇ! ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ!"

"ಅವನು ಮೊದಲು ಹೋಗ್ಲಿ ತಾಯೀ!" ಎಂದು ಆರ್ಡಿಸ್ ಕೂಗಿದಳು. "ಅವನಿಗೆ ಇವತ್ತು ಪರೀಕ್ಷೆ ಇದೆ!"

"ಗೊತ್ತಮ್ಮಾ! ನಾನೇ ಪರೀಕ್ಷಕಿ!"

ಆಗ ಆರ್ಡಿಸ್‌ಗೆ ಪರಿಸ್ಥಿತಿ ಅರ್ಥವಾಯಿತು. ಪೆಡಲ್ ತುಳಿದು, ಗಂಟೆ ಬಾರಿಸಿ, ಚೌಕವನ್ನು ದಾಟಿದಳು. ಅವಳು ದಾಟಿದ್ದೇ ತಡ, ಬಾಟಲಿಯ ಬಿರಡೆ ಕಿತ್ತಂತೆ ಪಾದ್ರಿಗಳು ಹೋದರು, ಡೆಲೋರಿಸ್ ಹೋದಳು, ವೆಂಡೆಲ್ ಹೋದ, ಟ್ರ್ಯಾಕ್ಟರು, ಹಾಲು ಎಲ್ಲಾ ಹೋದವು. ಅಷ್ಟು ಹೊತ್ತಿಗೆ ಊರಿಗೆ ಒಂದು ಸತ್ಯ ಹೊಳೆದಿತ್ತು. ಎರಡು ತಿಂಗಳಿಂದ ಆ ಚೌಕದಲ್ಲಿ ಗಾಡಿಗಳು ಸರಾಗವಾಗಿ ಓಡಾಡುತ್ತಿದ್ದದ್ದಕ್ಕೆ ಕಾರಣ, ನಿಲ್ಲದೆ ಹೋಗುತ್ತಿದ್ದ ಆ ಒಬ್ಬ ಅಪರಾಧಿ. ಅವಳು ಕಿಣಿಕಿಣಿ ಎಂದು ನುಗ್ಗಿದರೆ ಉಳಿದವರ ಸಂಕೋಚ ಕಳೆಯುತ್ತಿತ್ತು. ಇವತ್ತು ಅವಳು ಕಾಲು ಊರಿದಳು, ಊರು ಕೂತಿತು.

ಪುರಭವನದ ಮುಂದೆ ಗಾಡಿ ನಿಂತಾಗ ಮಿಸ್ ಪ್ರೂಯಿಟ್ ಕಾಗದ ಹರಿದು ಕೊಟ್ಟಳು. "ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದೀನಿ. ಅತಿವೇಗಕ್ಕೆ ಫೇಲ್ ಮಾಡಿದೀನಿ, ನಿದ್ದೆ ಮಾಡಿದ್ದಕ್ಕೆ ಫೇಲ್ ಮಾಡಿದೀನಿ. ಮರ್ಯಾದೆಗೆ ಫೇಲ್ ಮಾಡ್ತಿರೋದು ಇದೇ ಮೊದಲು. ಒಂದು ತಿಂಗಳು ಬಿಟ್ಟು ಬನ್ನಿ ಮಿಸ್ಟರ್ ಓಸ್ಟ್‌ಬರ್ಗ್. ಅಷ್ಟರಲ್ಲಿ ಸ್ವಲ್ಪ ಒರಟುತನ ಕಲೀರಿ."

ಆರ್ಡಿಸ್ ಬಂದು ಸೈಕಲನ್ನು ಪಿಕಪ್ಪಿನ ಹಿಂದೆ ಹಾಕಿ, ಕೀಲಿಗಾಗಿ ಕೈ ನೀಡಿದಳು. ವೆಂಡೆಲ್ ಕೊಟ್ಟ. ಮನೆಯವರೆಗೂ ಅವಳೇ ಓಡಿಸಿದಳು. ಇಳಿಯುವಾಗ ಅವಳು, "ನನ್ನಿಂದ ಆಯ್ತು ಕಣೋ," ಎಂದಳು.

"ಇಲ್ಲ ಕಣೇ. ನೀನು ನಿಯಮ ಪಾಲಿಸಿದೆ," ಎಂದ ವೆಂಡೆಲ್. ಆಮೇಲೆ ಸೈಕಲನ್ನು ಕೆಳಗಿಳಿಸುತ್ತಾ, "ನನಗೆ ನಿಯಮ ಎಲ್ಲಿ ಬೇಕಾಗಿತ್ತು? ನೀನು ಒಂದು ದಿನ ಮನೆಗೆ ಬರದೇ ಹೋದ್ರೆ ಅಂತ ಭಯ ಆಗ್ತಿತ್ತು, ಅಷ್ಟೇ" ಎಂದ.

"ಅದನ್ನ ಅಡುಗೆಮನೇಲಿ ಹೇಳಿದ್ರೆ ಮಂಡಳಿವರೆಗೂ ಹೋಗೋದು ತಪ್ತಿತ್ತಲ್ಲೋ," ಎಂದು ಆರ್ಡಿಸ್ ಮೂಗು ಒರೆಸಿಕೊಂಡಳು.

ಮಾತು ಅಂದರೆ ಮಾತು. ಜೂನ್ ಸಭೆಯಲ್ಲಿ ಅರ್ಜಿ ಹಿಂದಕ್ಕೆ ಪಡೆಯಲು ವೆಂಡೆಲ್ ಭಾಷಣ ಬರೆದುಕೊಂಡ. 'ಎಲ್ಲರೂ ನಿಲ್ಲುವ ಊರಿನಲ್ಲಿ ನಿಲ್ಲದವರು ಒಬ್ಬರಾದರೂ ಬೇಕು' ಎಂದು ಶುರುವಾಗುವ ಗಂಭೀರ ಭಾಷಣ. ಆದರೆ ಸಭೆಗೆ ಹೋಗುವುದು ಹೇಗೆ? ಹೆಂಡತಿ ಓಡಿಸುವ ಗಾಡಿಯಲ್ಲಿ ಪಕ್ಕಕ್ಕೆ ಕೂರಲು ಅವನಿಂದ ಆಗದು. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಅವನ ಬಲಗಾಲು ಎರಡೇ ದಿನದಲ್ಲಿ ಬಾತಿತ್ತು. ಹಾಗಾಗಿ ಆರ್ಡಿಸ್ ಪೈ ತಟ್ಟೆಯೊಂದಿಗೆ ಪಿಕಪ್ಪಿನಲ್ಲಿ ಮುಂದೆ ಹೋದಳು. ವೆಂಡೆಲ್ ಆಕಾಶದ ಬಣ್ಣದ ಸೈಕಲ್ ಹತ್ತಿದ. ಒಮ್ಮೆ ಕಲಿತ ಸೈಕಲ್ ಜನ್ಮದಲ್ಲಿ ಮರೆಯುವುದಿಲ್ಲ ಎನ್ನುತ್ತಾರೆ. ಹಾಗೆಂದವನು ಎಪ್ಪತ್ತೊಂಬತ್ತಕ್ಕೆ ಮುಂಚೆಯೇ ತೀರಿಕೊಂಡಿರಬೇಕು. ಅರ್ಧ ದಾರಿ ಅವನು ಸೈಕಲ್ ಮೇಲೆ, ಅರ್ಧ ದಾರಿ ಸೈಕಲ್ ಅವನ ಮೇಲೆ. ಚೌಕದಲ್ಲಿ ಪಾದ್ರಿಗಳು ಸಿಕ್ಕರು. ಪರಸ್ಪರ ಕೈ ಬೀಸುವುದರಲ್ಲಿ ಹನ್ನೆರಡು ನಿಮಿಷ ಹೋಯಿತು.

ಏದುಸಿರು ಬಿಡುತ್ತಾ ಪುರಭವನದ ಬಾಗಿಲು ತಳ್ಳಿದರೆ ಎಲ್ಲರ ಕೈಯಲ್ಲೂ ಆಗಲೇ ಪೈ.

"ಲೋವೆಲ್! ಆ ಅರ್ಜಿ..."

"ಪಾಸ್ ಮಾಡಿದೀವಿ ಸಾರ್!" ಎಂದು ಲೋವೆಲ್ ಓಡಿ ಬಂದು ಅವನ ಕೈ ಕುಲುಕಿದ. ಆ ಮನುಷ್ಯ ಬದುಕಿನಲ್ಲಿ ತೆಗೆದುಕೊಂಡ ಮೊದಲ ನಿರ್ಧಾರ, ಮುಖ ಹೊಳೆಯುತ್ತಿತ್ತು. "ಆರಕ್ಕೆ ಆರೂ ಮತ! ಪಾಪ, ನಮ್ಮ ಸಾರ್‌ಗೆ ಲೈಸೆನ್ಸ್ ಹೋಯ್ತು, ಇದಾದ್ರೂ ಸಿಗಲಿ ಅಂತ ಎಲ್ಲರೂ ಕೈ ಎತ್ತಿಬಿಟ್ರು. ಒಂದಕ್ಷರ ಬದಲಾಯಿಸಿಲ್ಲ. ಎಡಗಾಲು, ಮೂರರವರೆಗೆ ಎಣಿಸೋದು, ಪರೀಕ್ಷೆ, ಎಲ್ಲಾ ಹಾಗೇ ಇದೆ."

ವೆಂಡೆಲ್ ಭಾಷಣದ ಕಾಗದವನ್ನು ಜೇಬಿನಿಂದ ತೆಗೆದ. ಹಾಗೇ ಒಳಗಿಟ್ಟ. ಸುತ್ತಲೂ ನಿಂತಿದ್ದ, ತಾನು ಬಸ್ಸಿನಲ್ಲಿ ಹೊತ್ತು ಬೆಳೆಸಿದ ಆರು ಮುಖಗಳು ಅವನ ಸಂತೋಷವನ್ನು ನೋಡಲು ಕಾಯುತ್ತಿದ್ದವು. ನಾರ್ಡಾಲ್‌ನಲ್ಲಿ ಹುಟ್ಟಿದವನು ಇಂಥ ಹೊತ್ತಿನಲ್ಲಿ ಏನು ಹೇಳಬಲ್ಲ?

"ಬಹಳ ಉಪಕಾರ," ಎಂದ.

ಆಮೇಲೆ ಮೂಲೆಯಲ್ಲಿದ್ದ ಹೆಂಡತಿಯ ಬಳಿ ಹೋಗಿ ಪಿಸುಗುಟ್ಟಿದ. "ನೀನು ಬೇಡ ಅನ್ನಬಾರದಾಗಿತ್ತಾ?"

"ಅಂದೆ. ಆದ್ರೆ ಎಲ್ಲರೂ 'ಪಾಪ ವೆಂಡೆಲ್, ಪಾಪ ವೆಂಡೆಲ್' ಅನ್ನೋವಾಗ ಹೆಂಡತಿಯಾಗಿ ನಾನು ಎಷ್ಟು ಅಂತ ಅಡ್ಡ ಬರಲಿ? ಅದೂ ಅಲ್ದೆ ಪರೀಕ್ಷಕರು ಅಂತ ಯಾರನ್ನೋ ನೇಮಿಸಬೇಕಾಗಿತ್ತು. ಊರಲ್ಲಿ ಸೈಕಲ್ ಬಗ್ಗೆ ತಿಳಿದಿರೋ ದೊಡ್ಡವರು ಒಬ್ಬರೇ ಅಂತೆ."

"ಯಾರು?"

ಆರ್ಡಿಸ್ ಅವನ ತಟ್ಟೆಗೆ ಇನ್ನೊಂದು ತುಂಡು ಪೈ ಹಾಕಿದಳು.

ಶನಿವಾರ ಬೆಳಗ್ಗೆ ಹೊಸ ಕಾಯಿದೆಯ ಪ್ರಕಾರ ಪ್ರಥಮ ಪರೀಕ್ಷೆ. ಅಭ್ಯರ್ಥಿ ಒಬ್ಬನೇ, ಪಿಕಪ್ ಹೋಗಿ ಸೈಕಲ್ಲೇ ಗತಿಯಾದವನು. ಚೌಕದ ಪಕ್ಕ ಚರ್ಚಿನವರ ಹೂವಿನ ಪಾತಿಯ ಹತ್ತಿರ ಆರ್ಡಿಸ್ ಕೊರಳಿಗೆ ಸೀಟಿ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು ನಿಂತಿದ್ದಳು. ಅರ್ಧ ಊರು ಕಾಫಿ ಲೋಟದೊಂದಿಗೆ ಹಾಜರಿತ್ತು. ವೆಂಡೆಲ್ ಬಂದ. ಫಲಕದ ಮುಂದೆ ಬ್ರೇಕ್ ಹಿಡಿದ. ಪೂರ್ತಿ ನಿಂತ. ಎಡಗಾಲನ್ನು ಕೆಳಗಿಟ್ಟ. ಆದರೆ ಸೈಕಲ್ ಬಲಕ್ಕೆ ವಾಲಿತು.

ಪಾತಿಯ ನಡುವಿನಿಂದ, ತಲೆಯ ಮೇಲೊಂದು ನೇರಳೆ ಹೂವಿನೊಂದಿಗೆ, ಅವನ ಮುಖ ಮೇಲೆದ್ದಿತು. ಅರವತ್ತಮೂರು ವರ್ಷದ ಶಾಂತಿ ಅಲ್ಲಿ ಮುಗಿದಿತ್ತು.

"ಕಾಲು ಊರಬೇಕಂತೆ ಕಾಲು! ಸೈಕಲ್ ಅಂದ್ರೆ ಏನು ಅಂತಲೇ ಗೊತ್ತಿಲ್ಲದ ಯಾವ ತಲೆಕೆಟ್ಟ ಮುದಿಗೂಬೆ ಬರೆದಿದ್ದು ಈ ಕಾಯಿದೇನ?"

ಪರೀಕ್ಷಕಿ ಏನೋ ಬರೆದುಕೊಂಡು, ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

"ನೋಡಿ, ಸ್ವಲ್ಪ ಬಾಯಿ ಬಿಗಿ ಹಿಡಿದು ಮಾತಾಡಿ. ಹೇಗೇ ಇದ್ರೂ ಆ ಮನುಷ್ಯ ನನ್ನ ಗಂಡ."